ಡಂಬಳದ ಇಪ್ಪತ್ನಾಲ್ಕು ಮೂಲೆಗಳು

ನಾನು ಗದುಗಿನ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ಕೆಲಸಕ್ಕೆ ಸೇರಿ ಹನ್ನೆರಡು ವರ್ಷ ಆದ ಮೇಲೆ ಧಾರವಾಡದಲ್ಲಿ ಪ್ರಾಚೀನ ಇತಿಹಾಸದ ಎಂ.ಎ.ಗೆ ಹೆಸರು ಹಚ್ಚಿದೆ. ಕೊನೆಗೆ ಒಂದು ಪ್ರಬಂಧ ಬರೆಯಬೇಕಿತ್ತು. ವಿಷಯ ನನ್ನ ತಲೆಯಲ್ಲಿ ಆಗಲೇ ಕೂತಿತ್ತು. ಜಾವಾ ದ್ವೀಪದ ಕಲಸನ್ ಎಂಬ ಗುಡಿಯ ಬಾಗಿಲಿನ ಫೋಟೊ ಎಲ್ಲೋ ನೋಡಿದ್ದೆ. ಬಾಗಿಲ ಮೇಲೆ ಉಬ್ಬುಗಣ್ಣಿನ, ಹಲ್ಲು ಕಿರಿದ ಒಂದು ದೊಡ್ಡ ಮುಖ. ಕೆಳಗೆ ಎರಡೂ ಬದಿಗೆ ಮಕರ, ಅಂದರೆ ಮೊಸಳೆಯಂಥ ಕಲ್ಪನೆಯ ಪ್ರಾಣಿ. ಅಲ್ಲಿಯವರು ಆ ಮುಖಕ್ಕೆ ‘ಕಾಲ’ ಅನ್ನುತ್ತಾರೆ, ನಾವು ಕೀರ್ತಿಮುಖ ಅನ್ನುತ್ತೇವೆ. ಲಕ್ಕುಂಡಿಯಲ್ಲಿ ಚಿಕ್ಕಂದಿನಿಂದ ನೋಡಿದ ಮಕರತೋರಣವೇ ಸಮುದ್ರ ದಾಟಿ ಹೋಗಿ ಕೂತಂತೆ ಕಂಡಿತು. ಆ ಫೋಟೊ ನೋಡಿ ನನಗೆ ನಿದ್ದೆ ಬಂದಿರಲಿಲ್ಲ.

ಹಾಗಾಗಿ ‘ಚಾಲುಕ್ಯ ಶಿಲ್ಪಿಗಳು ಜಾವಾಕ್ಕೆ ಕೊಟ್ಟ ಕೊಡುಗೆ’ ಎಂದು ಶೀರ್ಷಿಕೆ ಬರೆದುಕೊಂಡು ಧಾರವಾಡಕ್ಕೆ ಹೋದೆ. ನನ್ನ ಮಾರ್ಗದರ್ಶಕಿ ಮೇಡಮ್ ಹಾಳೆ ನೋಡಿದರು. ‘ಕೊಡುಗೆ’ ಎಂಬ ಪದದ ಮೇಲೆ ಬೆರಳಿಟ್ಟರು.

“ಉತ್ತರಾ ಮೊದಲ ಬರದ ಇಟ್ಟೀರಲ್ರೀ. ಇನ್ನ ಅಭ್ಯಾಸ ಯಾಕ ಮಾಡ್ತೀರಿ?”

ನಾನು ಸುಮ್ಮನಿದ್ದೆ.

“ನಿಮಗ ಚಿತ್ರಾ ತಗಿಯಾಕ ಬರ್ತೈತಿ. ಅದು ನಮ್ಮ ಹುಡುಗ್ರಿಗೆ ಬರೂದಿಲ್ಲ. ಮೊದಲ ಒಂದ ಗುಡಿ ಅಳೀರಿ. ಪೂರ್ತಿ ಅಳೀರಿ. ಆಮ್ಯಾಲೆ ಜಾವಾ ನೋಡೂಣಂತ.”

ಬಸ್ಸಿನಲ್ಲಿ ವಾಪಸು ಬರುವಾಗ ಬೇಜಾರಾಗಿತ್ತು. ಅಣ್ಣಿಗೇರಿ ದಾಟುವ ಹೊತ್ತಿಗೆ ಸ್ವಲ್ಪ ತಣ್ಣಗಾದೆ. ಅಳೆಯುವುದೇ ಆದರೆ ಡಂಬಳದ ದೊಡ್ಡಬಸಪ್ಪನ ಗುಡಿಯನ್ನೇ ಅಳೆಯೋಣ ಅನಿಸಿತು. ಅದರ ಗೋಡೆ ನೇರವಾಗಿಲ್ಲ. ಗರ್ಭಗುಡಿಯ ಹೊರಮೈ ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ಸುತ್ತುತ್ತದೆ, ಆ ಮೂಲೆಗಳು ಹಾಗೇ ಶಿಖರದವರೆಗೂ ಏರುತ್ತವೆ. ನಮ್ಮ ಸೀಮೆಯಲ್ಲಿ ಅಂಥದ್ದು ಇನ್ನೊಂದಿಲ್ಲ. 1926ರಲ್ಲಿ ಅಚ್ಚಾದ ಹೆನ್ರಿ ಕಸಿನ್ಸ್ ಅವರ ಚಾಲುಕ್ಯ ಗುಡಿಗಳ ಪುಸ್ತಕದಲ್ಲೂ ಈ ಗುಡಿಯ ವಿವರ ಇದೆ. ಅದು ಇದ್ದ ಮೇಲೆ ಮತ್ತೆ ಅಳೆಯುವುದು ಯಾಕೆ ಎಂದು ಮೇಡಮ್ ಅವರನ್ನು ಕೇಳಿದೆ. “ಕಸಿನ್ಸ್ ಅಳತಿ ಕಸಿನ್ಸ್‌ಗೆ ತಿಳೀತು. ನಿಮಗ ನಿಮ್ಮ ಅಳತಿ ತಿಳೀಬೇಕು” ಅಂದರು.

ಅನುಮತಿಗೆ ಅರ್ಜಿ ಕೊಟ್ಟು, ಅದು ಬಂದ ಮೇಲೆ, ಜನವರಿಯ ಒಂದು ಶನಿವಾರ ಮುಂಡರಗಿ ಬಸ್ಸು ಹತ್ತಿ ಡಂಬಳದಲ್ಲಿ ಇಳಿದೆ. ಚೀಲದಲ್ಲಿ 30 ಮೀಟರಿನ ಟೇಪು, ನೂಲಿನ ಉಂಡೆ, ಗೌಂಡಿಗಳ ತೂಗುಗುಂಡು, ಮೂಲೆಮಟ್ಟ, ಗ್ರಾಫ್ ಹಾಳೆ. ಮಧ್ಯಾಹ್ನಕ್ಕೆ ಕಟಕ್ ರೊಟ್ಟಿ, ಶೇಂಗಾ ಹಿಂಡಿ. ಜೊತೆಗೆ ಟೇಪಿನ ಇನ್ನೊಂದು ತುದಿ ಹಿಡಿಯಲು ನನ್ನ ಒಂಬತ್ತನೆಯ ಇಯತ್ತೆಯ ಇಬ್ಬರು ಹುಡುಗಿಯರು.

ಮೊದಲ ದಿನ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಒಂದು ಮೂಲೆಯಿಂದ ಶುರು ಮಾಡಿ, ಮುಂದಿನ ಮೂಲೆಗೆ ಎಷ್ಟು, ಅಲ್ಲಿಂದ ಮುಂದಕ್ಕೆ ಎಷ್ಟು ಎಂದು ಬರೆಯುತ್ತಾ ಸುತ್ತು ಹಾಕಿದೆ. ಸಂಜೆ ಮನೆಗೆ ಬಂದು ಹಾಳೆಯ ಮೇಲೆ ಹಾಕಿದರೆ ಶುರುವಾದ ಗೆರೆಗೂ ಕೊನೆಯ ಗೆರೆಗೂ ಕೂಡಲೇ ಇಲ್ಲ. ನಡುವೆ 11 ಸೆಂಟಿಮೀಟರಿನಷ್ಟು ಬಾಯಿ ಬಿಟ್ಟುಕೊಂಡಿತ್ತು. ಇನ್ನೊಂದು ವಾರ ಹೋಗಿ ಮತ್ತೆ ಸುತ್ತಿದೆ. ಈ ಸಲ 14.

ನಮ್ಮ ಕಾಕಾ ಬೆಟಗೇರಿಯಲ್ಲಿ ಗೌಂಡಿ. ಈಗ ವಯಸ್ಸಾಗಿದೆ, ಆದರೆ ನಲವತ್ತು ವರ್ಷ ಮನೆ ಕಟ್ಟಿದ ಕೈ. ಹಾಳೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು.

“ಅಲ್ಲವಾ, ಒಂದ ಮೂಲ್ಯಾಗ ಎರಡ ನೂಲು ತಪ್ಪಿದ್ರ ಇಪ್ಪತ್ತ ಮೂಲ್ಯಾಗ ಎಷ್ಟಾತು? ಗ್ವಾಡಿ ಹಿಡಕೊಂಡ ಹೋಗಬ್ಯಾಡ. ಗ್ವಾಡಿ ಹೊರಗ ದಾರಾ ಕಟ್ಟು. ದಾರದಿಂದ ಗ್ವಾಡಿ ಎಷ್ಟ ದೂರೈತಿ ನೋಡು.”

ನೂಲು ಅಂದರೆ ಗೌಂಡಿಗಳ ಒಂದು ಸಣ್ಣ ಅಳತೆ. ಅವರು ಹೇಳಿದ ದಾರವನ್ನೇ ಪುಸ್ತಕಗಳಲ್ಲಿ ಆಧಾರರೇಖೆ ಅನ್ನುತ್ತಾರೆ. ಓದಿದ್ದೆ, ಆದರೆ ತಲೆಗೆ ಹೋಗಿರಲಿಲ್ಲ. ಮೂರನೆಯ ಸಲ ಕಾಕಾನೇ ಬಂದರು. ಗುಡಿಯ ಸುತ್ತ ಗೋಡೆ ಮುಟ್ಟದ ಹಾಗೆ ದಾರದಿಂದ ಒಂದು ಚೌಕಟ್ಟು ಹಾಕಿದರು. ಮೂಲೆ ನೇರ ಬರಲು ಅವರ ಹಳೆಯ ಲೆಕ್ಕ: ಒಂದು ಕಡೆ ಮೂರಡಿ, ಇನ್ನೊಂದು ಕಡೆ ನಾಲ್ಕಡಿ ಗುರುತು ಹಾಕಿದರೆ ಅಡ್ಡಕ್ಕೆ ಸರಿಯಾಗಿ ಐದಡಿ ಬರಬೇಕು. ಬರದಿದ್ದರೆ ದಾರ ಸರಿಸಬೇಕು. ಆಮೇಲೆ ಪ್ರತಿ ಮೂಲೆಯ ನೇರಕ್ಕೆ ತೂಗುಗುಂಡು ಇಳಿಬಿಟ್ಟು ದಾರದಿಂದ ಎಷ್ಟು ಒಳಗಿದೆ ಎಂದು ಬರೆದೆವು. ಒಂದರಲ್ಲಿ ತಪ್ಪಿದರೆ ಆ ತಪ್ಪು ಅಲ್ಲೇ ಉಳಿಯುತ್ತದೆ, ಮುಂದಿನದಕ್ಕೆ ಹತ್ತುವುದಿಲ್ಲ. ಹುಡುಗಿಯರು ಅಂಕಿ ಕೂಗುತ್ತಿದ್ದರು, ನಾನು ಬರೆಯುತ್ತಿದ್ದೆ. ಎರಡು ದಿನ ಹಿಡಿಯಿತು. ಬಿಸಿಲು ಜಾಸ್ತಿ ಇತ್ತು. ದೂರದಲ್ಲಿ ಕಪ್ಪತ್ತಗುಡ್ಡ ಮಸುಕಾಗಿ ಕಾಣುತ್ತಿತ್ತು.

ಈ ಕೆಲಸ ಮಾಡುವಾಗ ಕಲ್ಲನ್ನು ಕೈಯಿಂದ ಮುಟ್ಟಿ ಮುಟ್ಟಿ ತಿಳಿದೆ. ಇದು ಬಾದಾಮಿ, ಪಟ್ಟದಕಲ್ಲಿನ ಮರಳುಗಲ್ಲಲ್ಲ, ಬಳಪದ ಕಲ್ಲು. ನುಣುಪು, ಹಸಿರು ಬೆರೆತ ಕಪ್ಪು. ಹನ್ನೊಂದನೆಯ ಶತಮಾನದಲ್ಲಿ ನಮ್ಮ ಕಡೆಯ ಶಿಲ್ಪಿಗಳು ಈ ಕಲ್ಲಿಗೆ ಬಂದರು. ಅಗೆದು ತೆಗೆದಾಗ ಮೆತ್ತಗೆ, ಹಾಗಾಗಿ ಸಣ್ಣ ಉಳಿಯಲ್ಲಿ ಕೂದಲೆಳೆಯಷ್ಟು ಕೆಲಸ ಮಾಡಬಹುದು. ಕಂಬಗಳನ್ನು ತಿರುಗಣಿಯ ಮೇಲೆ ತಿರುಗಿಸಿ ಹೊಳಪು ಕೊಡಬಹುದು. ಗೋಡೆಗೆ ಇಷ್ಟೊಂದು ಮೂಲೆ ತಿರುಗಿಸುವ ಧೈರ್ಯ ಬರಲು ಈ ಕಲ್ಲೂ ಒಂದು ಕಾರಣ ಎಂದು ನನಗೆ ಅನಿಸುತ್ತದೆ.

ಈ ಸಲ ಹಾಳೆಯ ಮೇಲೆ ಗೆರೆ ಕೂಡಿತು. ಎದುರುಬದುರು ಮೂಲೆಗಳನ್ನು ಪೆನ್ಸಿಲಿನಿಂದ ಜೋಡಿಸಿದೆ. ಗೆರೆಗಳೆಲ್ಲ ಗರ್ಭಗುಡಿಯ ನಡುವೆ, ಲಿಂಗ ಇರುವ ಕಡೆ, ಒಂದರ ಮೇಲೊಂದು ದಾಟಿದವು. ಮೂಲೆಮಟ್ಟ ಇಟ್ಟು ನೋಡಿದಾಗ ಹೊರಗೆ ಚಾಚಿದ ಪ್ರತಿ ಮೂಲೆಯೂ ನೇರ ಮೂಲೆ, ಅಂದರೆ ಚೌಕದ ಮೂಲೆ ಎಂದು ಆಗಲೇ ಬರೆದುಕೊಂಡಿದ್ದೆ. ಅದು ಯಾಕೆ ಎಂದು ಗೊತ್ತಾಗಿದ್ದು ಆ ರಾತ್ರಿ.

ಕಾಕಾ, ನಾನು ಮಾಳಿಗೆ ಮೇಲೆ ಹೋದೆವು. ನಡುವೆ ಒಂದು ಮೊಳೆ ಇಟ್ಟು, ದಾರ ಕಟ್ಟಿ, ಸುಣ್ಣದ ತುಂಡಿನಿಂದ ದುಂಡಗೆ ಗೆರೆ ಹಾಕಿದೆವು. ಆ ವೃತ್ತದ ಒಳಗೆ ಒಂದು ಚೌಕ ಬರೆದೆವು. ಆಮೇಲೆ ಅದೇ ಚೌಕವನ್ನು 15 ಡಿಗ್ರಿ ತಿರುಗಿಸಿ ಇನ್ನೊಂದು. ಮತ್ತೆ 15 ತಿರುಗಿಸಿ ಮತ್ತೊಂದು. ಹೀಗೆ ಆರು ಚೌಕ. ಆರು ಚೌಕಕ್ಕೆ ನಾಲ್ಕರಂತೆ ಇಪ್ಪತ್ನಾಲ್ಕು ಮೂಲೆ. ಒಳಗಿನ ಗೆರೆಗಳನ್ನು ಕಾಲಲ್ಲಿ ಒರೆಸಿದಾಗ ಡಂಬಳದ ಗುಡಿ ನಮ್ಮ ಮಾಳಿಗೆ ಮೇಲೆ ಉಳಿಯಿತು. ಕಾಕಾ ತುಂಬ ಹೊತ್ತು ಮಾತಾಡಲಿಲ್ಲ. “ಬರೇ ಒಂದ ಮೊಳಿ, ಒಂದ ದಾರಾ” ಅಂದರು. ನನಗೆ ಕಣ್ಣು ತುಂಬಿ ಬಂತು. ಒಂಬೈನೂರು ವರ್ಷದ ಹಿಂದಿನ ಒಬ್ಬ ಗೌಂಡಿಯ ಕೈ ನಮ್ಮ ಕೈ ಹಿಡಿದ ಹಾಗಿತ್ತು.

ಆದರೆ ಚೌಕ ತಿರುಗಿಸುವ ಯೋಚನೆ ಡಂಬಳದಲ್ಲೇ ಹುಟ್ಟಿತಾ? ಇಲ್ಲಿಂದ ಓದು ಶುರುವಾಯಿತು. ಮಾಳವದ ಉದಯಪುರದಲ್ಲಿ, ಅಂದರೆ ಈಗಿನ ಮಧ್ಯಪ್ರದೇಶದಲ್ಲಿ, ಪರಮಾರ ದೊರೆ ಉದಯಾದಿತ್ಯ ಸುಮಾರು 1080ರ ಹೊತ್ತಿಗೆ ಕಟ್ಟಿಸಿದ ಉದಯೇಶ್ವರ ಗುಡಿ ಇದೆ. ಭೂಮಿಜ ಎಂಬ ಬಗೆಯ ಶಿಖರ, ಅಂದರೆ ಪುಟ್ಟ ಗೋಪುರಗಳನ್ನು ಸಾಲು ಸಾಲಾಗಿ ಒಂದರ ಮೇಲೊಂದು ಪೇರಿಸಿದ್ದು. ಅಲ್ಲೂ ಗರ್ಭಗುಡಿ ನಕ್ಷತ್ರದ ಆಕಾರ. ಆದರೆ ಅಲ್ಲಿ ನಕ್ಷತ್ರ ಪೂರ್ತಿ ಸುತ್ತುವುದಿಲ್ಲ. ಪ್ರತಿ ದಿಕ್ಕಿನ ನಡುವೆ ಒಂದು ನೇರ ಮುಖ ಬಂದು ಅದನ್ನು ತಡೆಯುತ್ತದೆ. ಡಂಬಳದಲ್ಲಿ ತಡೆಯೇ ಇಲ್ಲ. ಮುಂದಿನ ಮಂಟಪಕ್ಕೆ ಸೇರುವ ಕಡೆ ಬಿಟ್ಟರೆ ಮೂಲೆಗಳು ನಿಲ್ಲದೆ ಸುತ್ತುತ್ತವೆ. ಪರಮಾರರಿಗೂ ಚಾಲುಕ್ಯರಿಗೂ ಯುದ್ಧವೂ ಇತ್ತು, ಸ್ನೇಹವೂ ಇತ್ತು. ಜನ ಓಡಾಡುತ್ತಿದ್ದರು. ಅಲ್ಲಿಯದನ್ನು ನೋಡಿದ ಕಣ್ಣು ಇಲ್ಲಿ ಇತ್ತು ಎಂದು ಒಪ್ಪಬಹುದು. ಆದರೆ ಇಲ್ಲಿಯ ಶಿಲ್ಪಿ ಅದನ್ನು ಹಾಗೇ ಇಳಿಸಿಕೊಳ್ಳಲಿಲ್ಲ. ಶಿಖರವನ್ನು ತನ್ನ ದ್ರಾವಿಡ, ಅಂದರೆ ದಕ್ಷಿಣದ ಪದ್ಧತಿಯಲ್ಲೇ ಕಟ್ಟಿದ, ನಕ್ಷತ್ರವನ್ನು ಮಾತ್ರ ಕೊನೆಯವರೆಗೆ ತಿರುಗಿಸಿದ.

ಇವರಿಗೆ ಬೇರೆ ಕಡೆಯ ಪದ್ಧತಿ ಗೊತ್ತಿತ್ತು ಅನ್ನುವುದಕ್ಕೆ ಊಹೆ ಬೇಕಿಲ್ಲ. ತುಂಗಭದ್ರೆಯ ಆಚೆ ಹೊಳಲು ಊರಿನ ಅಮೃತೇಶ್ವರ ಗುಡಿಯ ಕಂಬದ ಮೇಲೆ ಬಮ್ಮೋಜ ಎಂಬ ಶಿಲ್ಪಿಯನ್ನು ಹೊಗಳಿದ ಬರಹ ಇದೆ. ನಾಗರ, ಕಾಳಿಂಗ, ದ್ರಾವಿಡ, ವೇಸರ, ಗುಡಿ ಕಟ್ಟುವ ಈ ನಾಲ್ಕೂ ಪದ್ಧತಿ ಬಲ್ಲವನು ಎಂದು. ಲಕ್ಕುಂಡಿಯ ಕಾಶಿ ವಿಶ್ವೇಶ್ವರ ಗುಡಿಯ ಗೋಡೆ ನೋಡಿ. ಗುಡಿ ದ್ರಾವಿಡ ಬಗೆಯದು, ಆದರೆ ಗೋಡೆಯ ಮೇಲೆ ಕೆತ್ತಿದ ಪುಟ್ಟ ಪುಟ್ಟ ಗೋಪುರಗಳಲ್ಲಿ ಉತ್ತರದ ಬಗೆಯವೂ ಇವೆ. ಎಷ್ಟು ಸಲ ಅದರ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆದಿದ್ದೇನೆ! ಆದರೆ ಡಂಬಳ ಅಳೆದ ಮೇಲೆಯೇ ಅವು ಕಣ್ಣಿಗೆ ಬಿದ್ದದ್ದು.

ಇಷ್ಟಾದರೂ ಜಾವಾ ನನ್ನ ಮನಸ್ಸಿನಿಂದ ಹೋಗಿರಲಿಲ್ಲ. ಡಂಬಳದ ಹಳೆಯ ಹೆಸರು ಧರ್ಮವೊಳಲ್. ಅಲ್ಲಿನ 1095ರ ಒಂದು ಶಾಸನವನ್ನು ಫ್ಲೀಟ್ ಸಾಹೇಬರು ಓದಿ ಅಚ್ಚು ಹಾಕಿಸಿದ್ದಾರೆ. ಧಾರವಾಡದ ಲೈಬ್ರರಿಯಲ್ಲಿ ಅದನ್ನು ತೆಗೆಸಿಕೊಂಡು ಕೂತೆ. ಗುಡಿಯ ಬಗ್ಗೆ ಏನಾದರೂ ಸಿಗುತ್ತದೆ ಎಂದುಕೊಂಡಿದ್ದೆ. ಸಿಕ್ಕಿದ್ದು ಬೇರೆ. ಆರನೆಯ ವಿಕ್ರಮಾದಿತ್ಯನ ಕಾಲ. ಈ ಊರಿನಲ್ಲಿ ಹದಿನಾರು ಸೆಟ್ಟಿಗಳು ಕೂಡಿ ಒಂದು ಬೌದ್ಧ ವಿಹಾರ ಕಟ್ಟಿಸಿದ್ದಾರೆ. ಲೊಕ್ಕಿಗುಂಡಿಯ, ಅಂದರೆ ನಮ್ಮ ಲಕ್ಕುಂಡಿಯ ಒಬ್ಬ ಸೆಟ್ಟಿ ಆರ್ಯತಾರಾದೇವಿಯ ವಿಹಾರ ಕಟ್ಟಿಸಿದ್ದಾನೆ. ಶಾಸನ ಶುರುವಾಗುವುದು ಬೌದ್ಧರ ದೇವಿಯಾದ ಈ ತಾರೆಯ ಸ್ತುತಿಯಿಂದ. ಎಂಟು ಭಯಗಳನ್ನು ನೀಗುವವಳು ಎಂದು ಕರೆಯುತ್ತಾರೆ. ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಸಂಕೋಲೆ, ಸಮುದ್ರ, ಪಿಶಾಚಿ.

ಸಮುದ್ರ! ನಾನು ಆ ಸಾಲನ್ನು ಎಷ್ಟು ಸಲ ಓದಿದೆನೋ. ಡಂಬಳದಲ್ಲಿ ನಿಂತು ಸುತ್ತ ನೋಡಿದರೆ ಕರಿ ಎರೆಮಣ್ಣು, ಜೋಳ, ಕಡಲೆ, ಗುಡ್ಡ. ಸಮುದ್ರ ಬೇಕೆಂದರೆ ಘಟ್ಟ ಇಳಿಯಬೇಕು. ಆದರೂ ಈ ಸೆಟ್ಟಿಗಳು ಹಿಡಿದುಕೊಂಡ ದೇವಿ ಸಮುದ್ರದ ಭಯ ಕಳೆಯುವವಳು. ಆ ಸ್ತುತಿ ಬೌದ್ಧರಲ್ಲಿ ಎಲ್ಲ ಕಡೆ ಇದ್ದದ್ದೇ, ಇವರು ಹೊಸದಾಗಿ ಕಟ್ಟಿದ್ದಲ್ಲ. ಆದರೆ ದೂರದ ದಾರಿ ಹಿಡಿಯುವವರಿಗೆ ಬೇಕಾದ ದೇವಿ ಅವಳು. ಕಳ್ಳರು, ಹಾವು, ಸೆರೆ, ನೀರು. ಈ ಪಟ್ಟಿ ಓದಿದರೆ ಒಬ್ಬ ವ್ಯಾಪಾರಿಯ ದಾರಿಯನ್ನೇ ಓದಿದ ಹಾಗಾಗುತ್ತದೆ ಅಲ್ವಾ?

ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘ ಹೆಸರು ಪಡೆದದ್ದು ನಮ್ಮ ಐಹೊಳೆಯಿಂದ. ಅದೇ ಐನೂರ್ವರ ಹೆಸರು ಸುಮಾತ್ರಾ ದ್ವೀಪದ ಬಾರುಸ್ ಹತ್ತಿರ ಸಿಕ್ಕ 1088ರ ತಮಿಳು ಶಾಸನದಲ್ಲಿದೆ. ಡಂಬಳದ ಶಾಸನಕ್ಕಿಂತ ಏಳೇ ವರ್ಷ ಹಿಂದೆ. ಡಂಬಳದ ಸೆಟ್ಟಿಗಳು ಅಲ್ಲಿಗೆ ಹೋಗಿದ್ದರು ಎಂದು ನಾನು ಬರೆಯಲಿಲ್ಲ. ಹಾಗೆ ಹೇಳುವ ಸಾಲು ಶಾಸನದಲ್ಲಿಲ್ಲ. ಆದರೆ ಎಂಥ ಜನರ ಲೋಕದಲ್ಲಿ ಈ ಗುಡಿ ಎದ್ದಿತು ಅನ್ನುವುದು ತಿಳಿಯಿತು.

ಆಗ ಕಲಸನ್ ಫೋಟೊವನ್ನು ಮತ್ತೆ ತೆಗೆದೆ. ಅದರ ಶಾಸನದ ವರ್ಷ ನೋಡಿದೆ. 778. ಆ ಗುಡಿ ಯಾರಿಗೆ? ತಾರೆಗೆ!

ಜಾವಾದ ಶೈಲೇಂದ್ರ ಮನೆತನದ ರಾಜರ ಗುರುಗಳು ಹೇಳಿ ಕಟ್ಟಿಸಿದ ತಾರೆಯ ಗುಡಿ ಅದು. ಡಂಬಳದ ಸೆಟ್ಟಿಗಳ ಶಾಸನಕ್ಕಿಂತ 317 ವರ್ಷ ಮೊದಲು. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಬ್ರಹ್ಮಜಿನಾಲಯ ಕಟ್ಟಿಸಿದ್ದು 1007ರಲ್ಲಿ. ಅದಕ್ಕೂ 229 ವರ್ಷ ಮೊದಲು. ನಾನು ‘ಲಕ್ಕುಂಡಿಯಿಂದ ಹೋಗಿ ಕೂತಿದೆ’ ಎಂದುಕೊಂಡಿದ್ದ ಬಾಗಿಲಿರುವ ಗುಡಿಯ ಮೂಲ ಲಕ್ಕುಂಡಿಯ ಗುಡಿಗಳಿಗಿಂತ ಹಳೆಯದು. ಮೇಡಮ್ ಅವರಿಗೆ ಇದು ಮೊದಲ ದಿನವೇ ಗೊತ್ತಿತ್ತು. ಅವರು ಹೇಳಿರಲಿಲ್ಲ. ನಾನೇ ಬಂದು ಮುಟ್ಟಲಿ ಎಂದು ಬಿಟ್ಟಿದ್ದರು. ಅದಕ್ಕೆ ಇವತ್ತಿಗೂ ಅವರಿಗೆ ಋಣಿ.

ಇಬ್ಬರಿಗೂ ಕೀರ್ತಿಮುಖ ಇನ್ನೂ ಹಳೆಯ ಮನೆಯಿಂದ ಬಂದದ್ದು. ಬೇರೆ ಬೇರೆ ದಾರಿಯಲ್ಲಿ ಬಂದಿದೆ, ಬೇರೆ ಬೇರೆ ಕೈಗಳು ಅದನ್ನು ತಿದ್ದಿವೆ. ಕಲಸನ್ ಶಾಸನದ ಲಿಪಿಯೇ ಉತ್ತರ ಭಾರತದ್ದು, ನಮ್ಮ ಕಡೆಯದಲ್ಲ. ದಾರಿ ಒಂದೇ ಕಡೆಯದೂ ಅಲ್ಲ. ಒಂಬತ್ತನೆಯ ಶತಮಾನದಲ್ಲಿ ಸುವರ್ಣದ್ವೀಪದ, ಅಂದರೆ ಸುಮಾತ್ರಾ ಕಡೆಯ ಅರಸ ಬಾಲಪುತ್ರದೇವ ನಾಲಂದಾದಲ್ಲಿ ವಿಹಾರ ಕಟ್ಟಿಸಿದ. ಅದರ ಖರ್ಚಿಗೆ ಪಾಲ ದೊರೆ ದೇವಪಾಲ ಐದು ಹಳ್ಳಿ ಬಿಟ್ಟುಕೊಟ್ಟ ತಾಮ್ರಪಟ ಇದೆ. ಹನ್ನೊಂದನೆಯ ಶತಮಾನದ ಮೊದಲಿಗೆ ಸುಮಾತ್ರಾದ ಶ್ರೀವಿಜಯ ರಾಜ್ಯದ ಅರಸರು ತಮಿಳುನಾಡಿನ ನಾಗಪಟ್ಟಣದಲ್ಲಿ ಚೂಡಾಮಣಿ ವಿಹಾರ ಕಟ್ಟಿಸಿದರು. ಅಂದರೆ ಆ ಕಡೆಯ ಜನ ಬಂದು ಈ ಕಡೆ ಕಟ್ಟಿಸುತ್ತಿದ್ದರು. ಭಾರತ ಕೊಟ್ಟಿತು, ಅವರು ಈಸಿಕೊಂಡರು ಎಂಬ ಮಾತು 1926ರಲ್ಲಿ ಕಲ್ಕತ್ತೆಯಲ್ಲಿ ‘ಬೃಹತ್ ಭಾರತ’ ಹೆಸರಿನ ಸಂಘ ಶುರುವಾದ ಕಾಲದಲ್ಲಿ ಜೋರಾಗಿತ್ತು. ನನ್ನ ಶೀರ್ಷಿಕೆಯೂ ಅದೇ ಮಾತಿನ ಮೊಮ್ಮಗಳು.

ಬರೆಯಲು ಕೂತಾಗ ಒಂದು ಕೆಲಸ ಮಾಡಿದೆ. ಕರಡಿನಲ್ಲಿ ‘ಪ್ರಭಾವ’ ಎಂಬ ಪದ ಇದ್ದ ಕಡೆಯಲ್ಲೆಲ್ಲ ಗೆರೆ ಎಳೆದೆ. ಹದಿನೇಳು ಕಡೆ ಇತ್ತು. ಪ್ರತಿಯೊಂದಕ್ಕೂ ಯಾರು, ಏನನ್ನು, ಯಾವ ಕಲ್ಲಿನಲ್ಲಿ, ಯಾವ ಖರ್ಚಿನಲ್ಲಿ ಎಂದು ಕೇಳಿಕೊಂಡೆ. ಉತ್ತರ ಇದ್ದ ಕಡೆ ಆ ಉತ್ತರವನ್ನೇ ಬರೆದೆ. ಇಲ್ಲದ ಕಡೆ ವಾಕ್ಯವನ್ನೇ ತೆಗೆದೆ. ಹದಿನೇಳರಲ್ಲಿ ಉಳಿದದ್ದು ಆರು. ಈ ಓದಿನಲ್ಲಿ ಇದಕ್ಕಿಂತ ದೊಡ್ಡ ಪಾಠ ನನಗೆ ಬೇರೆ ಯಾವುದೂ ಆಗಲಿಲ್ಲ. ‘ಪ್ರಭಾವ’ ಅಂದುಬಿಟ್ಟರೆ ಗೌಂಡಿಯೂ ಕಾಣುವುದಿಲ್ಲ, ಸೆಟ್ಟಿಯೂ ಕಾಣುವುದಿಲ್ಲ. ಹೊಗೆಯ ಹಾಗೆ ಏನೋ ಒಂದು ತಾನೇ ಹರಡಿಕೊಂಡಿತು ಅನಿಸುತ್ತದೆ.

ಕಲ್ಲಿನ ಮಾತು ಇನ್ನೂ ಸ್ವಲ್ಪ ಹೇಳಬೇಕು. ಬರ್ಮಾದ ಬಗಾನಿನಲ್ಲಿ ಆನಂದ ಗುಡಿ ಮುಗಿದದ್ದು 1105ರ ಹೊತ್ತಿಗೆ ಎನ್ನುತ್ತಾರೆ. ನಮ್ಮ ಗದುಗಿನ ಹತ್ತಿರದ ಇಟಗಿಯ ಮಹಾದೇವ ಗುಡಿ 1112ರದ್ದು. ಅಲ್ಲಿಯವರು ಇಟ್ಟಿಗೆಯಲ್ಲಿ ನಿಜವಾದ ಕಮಾನು ಕಟ್ಟಿದರು, ಅದರ ಕೆಳಗೆ ಜನ ನಡೆದು ಸುತ್ತುವ ಎತ್ತರದ ಓಣಿಗಳು ಬಂದವು. ನಮ್ಮವರು ಕಂಬದ ಮೇಲೆ ತೊಲೆ ಇಟ್ಟರು. ತೊಲೆ ಎಷ್ಟು ಉದ್ದ ಸಿಗುತ್ತದೋ ಅಂಕಣ ಅಷ್ಟೇ ಅಗಲ. ಅದಕ್ಕೇ ಕಂಬಗಳ ಕಾಡು. ಕಾಕಾನಿಗೆ ಬಗಾನಿನ ಫೋಟೊ ತೋರಿಸಿದೆ. “ಇವ್ರು ಇಟ್ಟಂಗಿ ಮಂದಿ, ನಾವು ಕಲ್ಲಿನ ಮಂದಿ” ಅಂದರು. ಆ ಅಧ್ಯಾಯಕ್ಕೆ ಅದೇ ಮಾತನ್ನು ಮೊದಲ ಸಾಲಾಗಿ ಇಟ್ಟೆ.

ಕೊನೆಯ ವಾರ ಒಂದು ಪೆಟ್ಟು ಬಿತ್ತು. ನಕ್ಷೆಗಳನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಲು ಒಂದು ಅಂಗಡಿಗೆ ಕೊಟ್ಟಿದ್ದೆ. ಹಾಳೆಗೆ ಹೊಂದಲಿ ಎಂದು ಅವರು ಚಿತ್ರವನ್ನು ಚೂರು ಕುಗ್ಗಿಸಿದ್ದರು. ನೋಡಲು ಚೆಂದವಾಗೇ ಇತ್ತು. ಆದರೆ ಇಪ್ಪತ್ತಕ್ಕೆ ಒಂದರ ಸ್ಕೇಲು ಹೋಗಿತ್ತು. ಬೈಂಡ್ ಆದ ಮೇಲೆ ಮನೆಯಲ್ಲಿ ಅಳತೆಪಟ್ಟಿ ಇಟ್ಟು ನೋಡಿದಾಗ ಎದೆ ಧಸಕ್ಕೆಂದಿತು. ಪ್ರತಿ ನಕ್ಷೆಯ ಕೆಳಗೆ ಮೀಟರಿನ ಪಟ್ಟಿ ಬರೆದಿದ್ದರೆ ಅದೂ ಜೊತೆಗೇ ಕುಗ್ಗುತ್ತಿತ್ತು, ಅಳತೆ ಕೆಡುತ್ತಿರಲಿಲ್ಲ. ಸ್ಕೇಲನ್ನು ಬರೀ ಅಂಕಿಯಲ್ಲಿ ಬರೆದಿದ್ದೆ. ಎಲ್ಲ ಬಿಚ್ಚಿಸಿ ಮತ್ತೆ ಹಾಕಿಸಿದೆ. ಯಾರಾದರೂ ಗುಡಿ ಅಳೆಯುವವರಿದ್ದರೆ ದಯವಿಟ್ಟು ಆ ಪಟ್ಟಿ ಮರೆಯಬೇಡಿ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಸರ್ ನಕ್ಷೆಗಳನ್ನು ಬಹಳ ಹೊತ್ತು ನೋಡಿದರು. “ಇಷ್ಟೆಲ್ಲ ಅಳದೀರಿ. ಡಂಬಳಕ್ಕೂ ಜಾವಾಕ್ಕೂ ಕಟ್ಟಡದ ಸಂಬಂಧ ಐತಿ ಅಂತ ಎಲ್ಲೂ ಹೇಳಿಲ್ಲಲ್ಲ?” ಎಂದು ಕೇಳಿದರು. “ಸಿಗಲಿಲ್ಲ ಸರ್. ಒಂದೇ ದೇವಿಯನ್ನು ನಂಬಿದ ಜನ ಸಿಕ್ಕರು. ಕಟ್ಟಿದವರು ಮಾತ್ರ ತಮ್ಮ ತಮ್ಮ ಕಲ್ಲಿಗೆ ತಕ್ಕಂತೆ ಕಟ್ಟಿಕೊಂಡರು” ಅಂದೆ. ಅವರು ತಲೆಯಾಡಿಸಿ, ಹಾಳೆ ತಿರುವಿ, ಪಶ್ಚಿಮದ ಒಂದು ಮೂಲೆಯ ಮೇಲೆ ಪೆನ್ನು ಇಟ್ಟರು. “ಇದು ಬ್ಯಾರೆ ಮೂಲಿಗಿಂತ ಸ್ವಲ್ಪ ಒಳಗ ಐತಲ್ಲ, ಯಾಕ?”

ಲೆಕ್ಕದ ಪ್ರಕಾರ ಎರಡು ಹೊರಮೂಲೆಗಳ ನಡುವಿನ ಒಳಮೂಲೆ 105 ಡಿಗ್ರಿ ಬರಬೇಕು. ಆ ಒಂದು ಕಡೆ ನಾನು ಎರಡು ಸಲ ಅಳೆದಾಗ ಎರಡು ಬೇರೆ ಅಂಕಿ ಬಂದಿದ್ದವು, ನಡುವಿನದನ್ನು ಬರೆದಿದ್ದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನನ್ನ ಟೇಪು ಸಡಿಲ ಇತ್ತೋ, ಕಲ್ಲು ಸರಿದಿದೆಯೋ, ಅಥವಾ ಕಟ್ಟಿದವರೇ ಅಲ್ಲಿ ಏನೋ ಹೊಂದಿಸಿಕೊಂಡರೋ ನೋಡಬೇಕು. ಪ್ರಬಂಧ ಪಾಸಾಗಿದೆ. ಆದರೆ ಬರುವ ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆಯ ಬಸ್ಸಿಗೆ ಡಂಬಳಕ್ಕೆ ಹೋಗುತ್ತಿದ್ದೇನೆ. ಕಾಕಾ ಆಗಲೇ ದಾರ ಸುತ್ತಿಟ್ಟಿದ್ದಾರೆ.